ಪರದೇಶದ ಹಳಿಗಾಗಿ ಹುಟ್ಟಿದ ಉಗಿ ಎಂಜಿನು

ಪುಣೆಯ ಕಡೆಯಿಂದ ಸೊಲ್ಲಾಪುರಕ್ಕೆ ರೈಲುಮಾರ್ಗ ಬಂದದ್ದು 1860ರಲ್ಲಿ. ಆ ಕಾಲದಲ್ಲಿ ನಮ್ಮ ದೇಶದ ಹಳಿಗಳ ಮೇಲೆ ಓಡುತ್ತಿದ್ದ ಎಂಜಿನುಗಳು ಬ್ರಿಟನ್ನಿನಲ್ಲಿ ತಯಾರಾಗಿ ಹಡಗಿನಲ್ಲಿ ಬರುತ್ತಿದ್ದವು. ಅಂಥ ಒಂದು ಎಂಜಿನಿನ ಪರಿಚಯವನ್ನು ಇಲ್ಲಿ ಮಾಡಿಕೊಳ್ಳೋಣ.

ಉಗಿ ಎಂಜಿನಿಗೆ ಬೇಕಾದುವು ಎರಡು: ಉರಿಯಲು ಕಲ್ಲಿದ್ದಲು, ಉಗಿಯಾಗಲು ನೀರು. ದೂರ ಹೋಗುವ ಎಂಜಿನುಗಳು ಇವನ್ನು ಹಿಂದೆ ಜೋಡಿಸಿದ ಟೆಂಡರ್ ಎಂಬ ಬೇರೆ ಗಾಡಿಯಲ್ಲಿ ಒಯ್ಯುತ್ತಿದ್ದವು. ಟೆಂಡರ್ ಇಲ್ಲದೆ ತನ್ನ ಮೈಮೇಲೆಯೇ ಎರಡನ್ನೂ ಹೊತ್ತುಕೊಳ್ಳುವುದು ಟ್ಯಾಂಕ್ ಎಂಜಿನು. ಕುದುರೆಯ ಬೆನ್ನಿನ ಜೀನಿನಂತೆ ಬಾಯ್ಲರಿನ ಮೇಲೆ ನೀರಿನ ತೊಟ್ಟಿ ಇರಬಹುದು. ಎರಡು ಪಕ್ಕಗಳಲ್ಲಿ ಇರಬಹುದು. ಇಲ್ಲವೆ ಬಾವಿಯಂತೆ ಬಾಯ್ಲರಿನ ಕೆಳಗೆ ಇರಬಹುದು.

1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕಿಟ್ಸನ್, ಥಾಂಪ್ಸನ್ ಮತ್ತು ಹೆವಿಟ್‌ಸನ್ ಕಂಪನಿಯು ಈ ಮೂರನೆಯ ಬಗೆಯ ಎಂಜಿನುಗಳನ್ನು ಈಸ್ಟ್ ಇಂಡಿಯನ್ ರೈಲ್ವೆಗಾಗಿ ಕಟ್ಟಿತು. ಅವುಗಳಲ್ಲಿ 22ನೆಯ ನಂಬರಿನದು ಮುಂದೆ ‘ಫೇರಿ ಕ್ವೀನ್’ ಎಂದು ಪ್ರಸಿದ್ಧವಾಯಿತು. ಆದರೆ ಈ ಎಂಜಿನು ತಾನು ಹುಟ್ಟಿದ ಊರಿನ ಹಳಿಯ ಮೇಲೆ ಓಡುವಂತಿರಲಿಲ್ಲ! ಅಲ್ಲಿ ಎರಡು ಹಳಿಗಳ ನಡುವಣ ಅಂತರ 1435 ಮಿಲಿಮೀಟರು. ಭಾರತದಲ್ಲಿ 1676 ಮಿಲಿಮೀಟರು, ಅಂದರೆ ಐದೂವರೆ ಅಡಿ. ವ್ಯತ್ಯಾಸ ಒಂದು ಗೇಣಿಗಿಂತ ತುಸು ಹೆಚ್ಚು. ಗವರ್ನರ್ ಜನರಲ್ ಡಾಲ್‌ಹೌಸಿ ಆರು ಅಡಿ ಇರಲೆಂದು ಸೂಚಿಸಿದ್ದನು. ಕೊನೆಗೆ ಐದೂವರೆ ಅಡಿ ನಿಶ್ಚಯವಾಯಿತು. ಅಂತರ ಹೆಚ್ಚಿದಷ್ಟೂ ಬಂಡಿ ಹೆಚ್ಚು ಸ್ಥಿರವಾಗಿರುತ್ತದೆ, ಯಂತ್ರಭಾಗಗಳಿಗೂ ಎಡೆ ಸಿಗುತ್ತದೆ.

ಹಡಗನ್ನೇ ನೆಚ್ಚಿಕೊಂಡ ರೈಲಿಗೆ ಬಂದ ತೊಂದರೆಯನ್ನೂ ಕೇಳಿರಿ. ಇದೇ ಕಂಪನಿಗೆ ಮೊದಲು ಕಳಿಸಿದ ಎಂಜಿನನ್ನು ಹೊತ್ತ ಹಡಗು ತಪ್ಪಿ ಆಸ್ಟ್ರೇಲಿಯಕ್ಕೆ ಹೋಯಿತು. ಮಾದರಿ ಗಾಡಿಗಳನ್ನು ತಂದ ‘ಗುಡ್‌ವಿನ್’ ಹಡಗು ಹೂಗ್ಲಿ ನದಿಯ ಮುಖದ ಬಳಿ ಮುಳುಗಿತು. ಆಗ ಗಾಡಿಗಳನ್ನು ಕಲ್ಕತ್ತೆಯಲ್ಲಿಯೇ ಕಟ್ಟಿಸಬೇಕಾಯಿತು. ಅಂತೂ 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ರೈಲು ಹೊರಟಿತು.

ಫೇರಿ ಕ್ವೀನಿಗೆ ಆರು ಚಕ್ರಗಳು. ಉಗಿಯ ಬಲ ತಗಲುವುದು ನಡುವಿನ ದೊಡ್ಡ ಜೋಡಿಗೆ ಮಾತ್ರ. ಅವುಗಳ ವ್ಯಾಸ ಆರು ಅಡಿ. ಒಂದು ಸುತ್ತಿಗೆ ಎಂಜಿನು ಸುಮಾರು 5.75 ಮೀಟರು ಮುಂದೆ ಸಾಗುತ್ತದೆ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡಿದರೆ ಚಕ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು? ಸುಮಾರು 116. ಲೆಕ್ಕ ಮಾಡಿ ನೋಡಿರಿ. ದೊಡ್ಡ ಚಕ್ರ ಸಮತಟ್ಟಾದ ಬಂಗಾಳಕ್ಕೂ ಹಗುರವಾದ ಟಪಾಲು ಬಂಡಿಗಳಿಗೂ ಸರಿಹೋಯಿತು. ಆದರೆ ಒಂದೇ ಜೋಡಿ ಚಕ್ರಕ್ಕೆ ಏರಿನಲ್ಲಿ ಹಿಡಿತ ಸಾಲದು. ಆದ್ದರಿಂದ ಮುಂಬಯಿ–ಪುಣೆ ನಡುವಿನ ಬೋರ್ ಘಾಟಿಗೆ ಆರು ಚಕ್ರಗಳಿಗೆ ಬಲ ಕೊಡುವ ಬೇರೆ ಬಗೆಯ ಟ್ಯಾಂಕ್ ಎಂಜಿನುಗಳನ್ನು ತರಿಸಿದರು. ನೆಲದ ಗುಣ ತಿಳಿದೇ ಯಂತ್ರ ಕಟ್ಟಬೇಕು.

1857ರ ಬಂಡಾಯದ ಕಾಲದಲ್ಲಿ ಈ ಎಂಜಿನು ಸೈನ್ಯದ ಬಂಡಿಗಳನ್ನೂ ಎಳೆಯಿತು. 1909ರಲ್ಲಿ ಕೆಲಸದಿಂದ ನಿವೃತ್ತವಾಗಿ ಬಹುಕಾಲ ಹೌರಾದಲ್ಲಿ ನಿಂತಿತು. ಆಮೇಲೆ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ, ಅಲ್ಲಿಂದ ದೆಹಲಿಯ ರೈಲು ಸಂಗ್ರಹಾಲಯಕ್ಕೆ ಬಂತು. 1997ರಲ್ಲಿ ಮತ್ತೆ ಬೆಂಕಿ ಹೊತ್ತಿಸಿ ದೆಹಲಿಯಿಂದ ಅಲ್ವಾರಿಗೆ ಓಡಿಸಿದರು. ಕ್ರಮವಾಗಿ ಓಡುವ ಉಗಿ ಎಂಜಿನುಗಳಲ್ಲಿ ಜಗತ್ತಿನಲ್ಲಿಯೇ ಹಳೆಯದೆಂದು 1998ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. 2011ರಲ್ಲಿ ಅದರ ಭಾಗಗಳನ್ನು ಕಳ್ಳರು ಕದ್ದೊಯ್ದರು. ಆಗ ಇಂಗ್ಲೆಂಡಿನತ್ತ ನೋಡಬೇಕಾಗಲಿಲ್ಲ. ಚೆನ್ನೈಯ ಪೆರಂಬೂರು ಕಾರ್ಖಾನೆಯ ಕೆಲಸಗಾರರು ಅದನ್ನು ಮತ್ತೆ ಓಡುವಂತೆ ಮಾಡಿದರು.

ಈ ಬಲ್ಮೆ ಒಂದೇ ದಿನದಲ್ಲಿ ಬಂದದ್ದಲ್ಲ. 1862ರಲ್ಲಿ ಬಿಹಾರದ ಜಮಾಲಪುರದಲ್ಲಿ ರೈಲ್ವೆ ಕಾರ್ಖಾನೆ ತೆರೆಯಿತು. ರಿಪೇರಿ ಮಾಡುತ್ತ ಮಾಡುತ್ತ ಕೈ ಪಳಗಿ, 1899ರಲ್ಲಿ ಅಲ್ಲಿಯೇ ಎಂಜಿನು ತಯಾರಾಯಿತು. 1950ರಲ್ಲಿ ಚಿತ್ತರಂಜನದ ಕಾರ್ಖಾನೆ ಸ್ವತಂತ್ರ ಭಾರತದ ಉಗಿ ಎಂಜಿನನ್ನು ಹೊರತಂದಿತು. ಯಂತ್ರವನ್ನು ಹಣ ಕೊಟ್ಟು ತರಬಹುದು. ಅದನ್ನು ಬಿಚ್ಚಿ, ತಿಳಿದು, ಮತ್ತೆ ಜೋಡಿಸುವ ವಿದ್ಯೆಯನ್ನು ದುಡಿದೇ ಗಳಿಸಬೇಕು.

ವಿದ್ಯಾರ್ಥಿಗಳೇ, ಸೊಲ್ಲಾಪುರದಿಂದ ಗದಗಿಗೆ ಹೋಗುವ ಮಾರ್ಗ ಹಿಂದೆ ಮೀಟರ್‌ಗೇಜ್ ಆಗಿತ್ತು. ಈಗ ಅದೂ ಐದೂವರೆ ಅಡಿಯದೇ. ಆ ಸಣ್ಣ ಬಂಡಿಯಲ್ಲಿ ವಿಜಾಪುರಕ್ಕೆ ಹೋಗಿ ಬಂದ ಹಿರಿಯರು ಮನೆಯಲ್ಲಿದ್ದರೆ ಕೇಳಿ ಬರೆದಿಟ್ಟುಕೊಳ್ಳಿರಿ. ಅದೂ ರೈಲಿನ ಇತಿಹಾಸವೇ.