ಕಾರ್ಖಾನೆಯ ವಿದ್ಯುತ್ತಿನಲ್ಲಿ ಉಪಸ್ವರಗಳು

ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋದವರು ಡ್ರೆಪುಂಗ್ ಲೋಸೆಲಿಂಗ್ ವಿಹಾರದ ಭಿಕ್ಷುಗಳ ಮಂತ್ರಪಠನವನ್ನು ಕೇಳಿರಬಹುದು. ಅದರಲ್ಲಿ ಒಂದು ವಿಶೇಷ ರೀತಿಯುಂಟು. ಒಬ್ಬನೇ ಭಿಕ್ಷು ಅತಿ ಮಂದ್ರದಲ್ಲಿ ಒಂದು ಸ್ವರವನ್ನು ಹಿಡಿದಿರುತ್ತಾನೆ. ಅದರ ಮೇಲೆ ಬೇರೊಂದು ಸ್ವರವೂ ತೇಲಿ ಬರುತ್ತದೆ. ತಂಬೂರಿಯ ಮಂದ್ರದ ತಂತಿಯಲ್ಲಿ ಸ್ವಯಂಭೂ ಗಾಂಧಾರವನ್ನು ಕೇಳಿದವರಿಗೆ ಇದು ತೀರ ಹೊಸದಲ್ಲ. ಕಂಠದ ಅಥವಾ ತಂತಿಯ ನಾದವು ಒಂದೇ ಕಂಪನವಲ್ಲ. ಮೂಲದ ಎರಡು, ಮೂರು, ನಾಲ್ಕು, ಐದು ಪಟ್ಟು ವೇಗದ ಕಂಪನಗಳೂ ಅದರೊಡನೆ ಬೆರೆತಿರುತ್ತವೆ. ಐದನೆಯದೇ ಆ ಗಾಂಧಾರ. ಇವನ್ನು ಉಪಸ್ವರಗಳೆಂದು ಕರೆಯೋಣ. ಇಂಜಿನಿಯರರು ಹಾರ್ಮೋನಿಕ್ ಎನ್ನುತ್ತಾರೆ. ಭಿಕ್ಷುವು ಹೊಸ ಸ್ವರವನ್ನು ಹುಟ್ಟಿಸುವುದಿಲ್ಲ. ಬಾಯಿಯ ಪೊಳ್ಳನ್ನು ತಕ್ಕ ಆಕಾರಕ್ಕೆ ತಂದು, ಇದ್ದ ಉಪಸ್ವರಗಳಲ್ಲಿ ಒಂದನ್ನು ಅನುರಣನದಿಂದ ಎತ್ತಿಕೊಡುತ್ತಾನೆ.

ಅದೇ ಜಿಲ್ಲೆಯ ದಾಂಡೇಲಿಯಲ್ಲಿ, ಕಾಳೀ ನದಿಯ ದಡದಲ್ಲಿ, 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿದೆ. ಮಂತ್ರಕ್ಕೂ ಕಾರ್ಖಾನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ವಿದ್ಯುತ್ತಿಗೂ ಉಪಸ್ವರಗಳುಂಟು ಎಂಬುದೇ ಸಂಬಂಧ.

ಕಾಗದದ ಯಂತ್ರದಲ್ಲಿ ಹಾಳೆಯು ಒಂದಾದ ಮೇಲೊಂದು ಉರುಳೆಯನ್ನು ದಾಟಿ ಸಾಗಬೇಕು. ಉರುಳೆಗಳ ವೇಗ ಕೊಂಚ ತಪ್ಪಿದರೂ ಹಾಳೆ ಹರಿಯುತ್ತದೆ. ಆದಕಾರಣ ಇಂಥ ಕಾರ್ಖಾನೆಗಳಲ್ಲಿ ಮೋಟಾರುಗಳ ವೇಗವನ್ನು ಆಳುವ ಉಪಕರಣಗಳು ಬೇಕು. ಅವು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹವನ್ನು ಮೊದಲು ಏಕಮುಖ ಪ್ರವಾಹವಾಗಿ ಮಾರ್ಪಡಿಸುತ್ತವೆ. ಹಾಗೆ ಮಾಡುವಾಗ ಪ್ರವಾಹವನ್ನು ನಯವಾದ ಅಲೆಯಾಗಿ ಎಳೆಯದೆ, ಕೊಡದಲ್ಲಿ ಮೊಗೆದಂತೆ ತುಂಡುತುಂಡಾಗಿ ಎಳೆಯುತ್ತವೆ. ಮರುಕಳಿಸುವ ಇಂಥ ಆಕಾರವನ್ನು ಶುದ್ಧ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬುದು 1822ರಲ್ಲಿ ಪ್ರಕಟವಾದ ಫ್ರೆಂಚ್ ಗಣಿತಜ್ಞ ಫೂರಿಯೆಯ ಗ್ರಂಥದಿಂದ ಬಂದ ವಿದ್ಯೆ. ಸಾಮಾನ್ಯವಾದ ಆರು ಮಿಡಿತದ ಉಪಕರಣದಿಂದ ಹೊರಡುವುದು 5, 7, 11, 13ನೆಯ ಉಪಸ್ವರಗಳು. ಪುಸ್ತಕದ ಲೆಕ್ಕದಲ್ಲಿ ಐದನೆಯದು ಮೂಲದ ಐದರಲ್ಲೊಂದು ಪಾಲು. ಇಲ್ಲಿಯೂ ಮೊದಲು ಕೇಳುವುದು ಗಾಂಧಾರವೇ!

ಇದು ಇಂಪಾದ ಗಾಂಧಾರವಲ್ಲ. ಟ್ರಾನ್ಸ್‌ಫಾರ್ಮರಿನ ಸುರುಳಿಗಳಲ್ಲಿ ಸುಳಿಪ್ರವಾಹದಿಂದಾಗುವ ನಷ್ಟವು ಆವೃತ್ತಿಯ ವರ್ಗದಂತೆ ಏರುತ್ತದೆ; ಸಮಪ್ರಮಾಣದ ಪ್ರವಾಹಕ್ಕೆ ಐದನೆಯ ಉಪಸ್ವರವು 25 ಪಟ್ಟು ಕಾಯಿಸುತ್ತದೆ.

ಇದಕ್ಕಿಂತ ದೊಡ್ಡ ಅಪಾಯವು ಒಳ್ಳೆಯ ಉದ್ದೇಶದಿಂದಲೇ ಬರುವುದು ಸೋಜಿಗ. ಪವರ್ ಫ್ಯಾಕ್ಟರ್ ಸುಧಾರಿಸಿ ವಿದ್ಯುತ್ ಬಿಲ್ಲನ್ನು ತಗ್ಗಿಸಲು ಕಾರ್ಖಾನೆಯವರು ಕೆಪಾಸಿಟರುಗಳನ್ನು ಕೂಡಿಸುತ್ತಾರೆ. ಕೆಪಾಸಿಟರು ಟ್ರಾನ್ಸ್‌ಫಾರ್ಮರಿನೊಡನೆ ಸೇರಿ, ಭಿಕ್ಷುವಿನ ಬಾಯಿಯಂತೆ, ಒಂದು ಉಪಸ್ವರಕ್ಕೆ ಅನುರಣಿಸಬಲ್ಲುದು. ಲೆಕ್ಕ ಸುಲಭ. 1000 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಇಂಪೀಡೆನ್ಸ್ ಶೇಕಡಾ 5 ಇದ್ದರೆ ಅದರ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 20,000 ಕೆ.ವಿ.ಎ. ಅದಕ್ಕೆ 800 ಕೆ.ವಿ.ಎ.ಆರ್. ಕೆಪಾಸಿಟರು ಸೇರಿಸಿದೆವೆನ್ನಿ. 20,000ವನ್ನು 800ರಿಂದ ಭಾಗಿಸಿದರೆ 25. ಅದರ ವರ್ಗಮೂಲ 5. ಐದನೆಯ ಉಪಸ್ವರವೇ ಉಬ್ಬಿ ಏಳುತ್ತದೆ. ಫ್ಯೂಸು ಹಾರುತ್ತದೆ, ಕೆಪಾಸಿಟರು ಊದಿಕೊಳ್ಳುತ್ತದೆ. ಹೆದರಿ ಅರ್ಧವನ್ನು ಕಳಚಿದರೆ ವರ್ಗಮೂಲ ಸುಮಾರು 7.07, ಏಳನೆಯದು ಎಚ್ಚರಗೊಳ್ಳುತ್ತದೆ. ಸುಟ್ಟ ಕೆಪಾಸಿಟರಿನ ಜಾಗಕ್ಕೆ ಅಂಥದನ್ನೇ ತಂದು ಕೂರಿಸುವುದಕ್ಕೆ ಮುಂಚೆ ಈ ಭಾಗಾಕಾರವನ್ನು ಮಾಡಬಾರದೆ, ಎಂದು ನಮಗೆ ಅನಿಸುತ್ತದೆ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಕೆಪಾಸಿಟರಿನೊಡನೆ ಸರಣಿಯಲ್ಲಿ ಶೇಕಡಾ 7ರ ರಿಯಾಕ್ಟರ್ ಸುರುಳಿಯನ್ನಿಟ್ಟರೆ ಆ ಜೋಡಿಯ ಶ್ರುತಿ ಸುಮಾರು 189 ಆವರ್ತಗಳಿಗೆ ಇಳಿಯುತ್ತದೆ. ಐದನೆಯ ಉಪಸ್ವರದ 250 ಅದಕ್ಕಿಂತ ಮೇಲಿರುವುದರಿಂದ ಅನುರಣನ ತಪ್ಪುತ್ತದೆ. ಉಪಕರಣ ದೊಡ್ಡದಾದರೆ ಎರಡು ಸೇತುವೆಗಳನ್ನು, ಒಂದಕ್ಕೆ ಸ್ಟಾರ್, ಇನ್ನೊಂದಕ್ಕೆ ಡೆಲ್ಟಾ ಸುರುಳಿಯಿಂದ ಪ್ರವಾಹ ಕೊಟ್ಟು ಕೂಡಿಸುತ್ತಾರೆ. ಆಗ 5 ಮತ್ತು 7 ಒಂದನ್ನೊಂದು ಬಹುಮಟ್ಟಿಗೆ ಅಳಿಸಿ, 11 ಮತ್ತು 13 ಉಳಿಯುತ್ತವೆ.

ಈ ಹನ್ನೆರಡು ಮಿಡಿತದ ವಿಧಾನವನ್ನು ನಮ್ಮ ರಾಜ್ಯದಲ್ಲಿ ಭಾರೀ ಪ್ರಮಾಣದಲ್ಲಿ ನೋಡಬೇಕಾದರೆ ಕೋಲಾರಕ್ಕೆ ಹೋಗಬೇಕು. ಒಡಿಶಾದ ತಾಲ್ಚೇರಿನಿಂದ ಏಕಮುಖ ಪ್ರವಾಹವಾಗಿ ಬರುವ ವಿದ್ಯುತ್ತನ್ನು 2003ರಿಂದ ಅಲ್ಲಿ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸಲಾಗುತ್ತಿದೆ. ಇಂಥ ನಿಲ್ದಾಣದ ಅಂಗಳದಲ್ಲಿ ಉಳಿದ ಉಪಸ್ವರಗಳನ್ನು ಹೀರಲು ಶೋಧಕಗಳಿರುತ್ತವೆ. ಅವು ಕೂಡ ಸುರುಳಿ ಮತ್ತು ಕೆಪಾಸಿಟರುಗಳ ಜೋಡಿಗಳೇ, ಬೇಕೆಂದೇ ಶ್ರುತಿಗೊಳಿಸಿದವು.