ತಪ್ಪು ಎಲ್ಲಿಂದ ಹುಟ್ಟಿತು? ನಾರ್ವೇಜಿಯನ್ ಸಮಾಸಪದಗಳ ಒಂದು ಅಭ್ಯಾಸ ಪಾಠ

ಹಿನ್ನೆಲೆ
ಅಭ್ಯಾಸ ಬೋಧನೆಯ ಎರಡನೇ ವಾರ, ಬದಲಿ ಅವಧಿಯೊಂದರಲ್ಲಿ ಎಂಟನೇ ತರಗತಿಗೆ ಸಂಧಿ ಹೇಳಿಕೊಡಬೇಕಾಯಿತು. ಒಬ್ಬ ಹುಡುಗ ‘ಬೆಟ್ಟದಾವರೆ’ಯನ್ನು ‘ಬೆಟ್ಟದ + ಆವರೆ’ ಎಂದು ಬಿಡಿಸಿದ. “ಆವರೆ ಅಂದರೆ ಏನಪ್ಪಾ?” ಎಂದೆ. ತರಗತಿ ನಕ್ಕಿತು. ಆಮೇಲೆ ಅವನು ಕೈ ಎತ್ತಲೇ ಇಲ್ಲ. ಅವನ ಜಾಗದಲ್ಲಿ ನಿಂತು ನೋಡಲು, ನಮ್ಮಲ್ಲಿ ಯಾರಿಗೂ ಬಾರದ ಭಾಷೆಯೊಂದನ್ನು ಆರಿಸಿಕೊಂಡು ಸಹಪಾಠಿಗಳಿಗೆ ಪಾಠ ಮಾಡಿದೆ.

ಬೋಧನಾಂಶ
ನಾರ್ವೇಜಿಯನ್ ಭಾಷೆಯಲ್ಲಿ ಸಮಾಸಪದವನ್ನು ಕೂಡಿಸಿ ಬರೆಯುತ್ತಾರೆ. ಸಾಮಾನ್ಯವಾಗಿ ಮುಖ್ಯ ಒತ್ತು ಮೊದಲ ಪದದ ಮೇಲೆ, ಎರಡನೆಯದಕ್ಕೆ ಹಗುರ ಒತ್ತು. ‘ಯೆರ್ನ್’ (ಕಬ್ಬಿಣ), ‘ಬಾನೆ’ (ಹಾದಿ) ಸೇರಿ ‘ಯೆರ್ನ್‌ಬಾನೆ’, ಅಂದರೆ ರೈಲುಮಾರ್ಗ. ‘ಬಾರ್ನ್’ (ಮಗು), ‘ಹಾಗೆ’ (ತೋಟ) ಸೇರುವಾಗ ನಡುವೆ ‘ಎ’ ಎಂಬ ಕೊಂಡಿಸ್ವರ ಬಂದು ‘ಬಾರ್ನೆಹಾಗೆ’, ಅಂದರೆ ಶಿಶುವಿಹಾರ. ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದರೆ ಕೊಂಡಿಸ್ವರ ಮೊದಲ ಪದದ ಜೊತೆಗೇ ಉಳಿಯುತ್ತದೆ: ಬಾರ್ನೆ-ಹಾಗೆ.

ಚಟುವಟಿಕೆ 1
‘ಬಿಲ್ಡೆ’ ಎಂದರೆ ಚಿತ್ರ ಎಂದು ಮೊದಲೇ ಹೇಳಿಕೊಟ್ಟಿದ್ದೆ. ನಂತರ ‘ಬೀಲ್‌ಡೆಕ್’ ಪದವನ್ನು ರೋಮನ್ ಲಿಪಿಯಲ್ಲಿ ಹಲಗೆಯ ಮೇಲೆ ಬರೆದೆ. ಆ ಬರಹದಲ್ಲಿ ದೀರ್ಘದ ಗುರುತಿಲ್ಲ. ಹೆಚ್ಚಿನವರು ‘ಬಿಲ್ಡೆ’ಯನ್ನು ಬೇರೆ ಮಾಡಿ, ಕೊನೆಗೆ ಉಳಿದ ಎರಡು ಕಕಾರಕ್ಕೆ ಅರ್ಥ ಹುಡುಕತೊಡಗಿದರು. ಉಚ್ಚಾರ ಕೇಳಿಸಿದೆ: ಮೊದಲ ಸ್ವರ ದೀರ್ಘ, ‘ಡೆಕ್’ ಮೇಲೆ ಹಗುರ ಒತ್ತು. ‘ಬೀಲ್’ ಕಾರು, ‘ಡೆಕ್’ ಟೈರು, ಕಾರಿನ ಟೈರು!

ಚಟುವಟಿಕೆ 2
‘ರೊಯ್ಕ್‌ಫ್ರಿಟ್’ ಕೂಡಿಸಿ ಬರೆದರೆ ‘ಧೂಮಪಾನರಹಿತ’. ಬಿಡಿಸಿ ಬರೆದರೆ ‘ಧಾರಾಳವಾಗಿ ಧೂಮಪಾನ ಮಾಡಿ’! ಕೂಡಿದಾಗ ಮುಖ್ಯ ಒತ್ತು ಒಂದೇ. ಬಿಡಿಯಾದಾಗ ಎರಡೂ ಪದಗಳು ಒತ್ತು ಪಡೆಯುತ್ತವೆ.

ಆತ್ಮಾವಲೋಕನ
ಸಹಪಾಠಿಗಳು ತಪ್ಪಿದ್ದು ಏನೂ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದ ಒಂದು ಪದವನ್ನು ನಂಬಿ. ಮರುವಾರ ಆ ಹುಡುಗನನ್ನು, ಹಾಗೆ ಯಾಕೆ ಬಿಡಿಸಿದೆ ಎಂದು ಕೇಳಿದೆ. “ಬೆಟ್ಟದ ಮೇಲೆ ಅಂತೀವಲ್ಲ ಮಿಸ್” ಎಂದ. “ಸರಿಯೇ. ಈ ಪದದಲ್ಲಿ ಒಂದು ಹೂವೂ ಇದೆ, ಹುಡುಕು” ಎಂದೆ. ‘ತಾವರೆ’ ಎಂದವನೇ, ‘ತ’ಕಾರಕ್ಕೆ ‘ದ’ಕಾರ ಬಂದದ್ದನ್ನೂ ತಾನೇ ಹೇಳಿದ.

ನನ್ನ ಪಾಠಯೋಜನೆಯಲ್ಲಿ ಈಗ ಕ್ರಮ ಬದಲಾಗಿದೆ: ಮೊದಲು ಕೇಳಿಸುವುದು, ಆಮೇಲೆ ಅರ್ಥ, ಕೊನೆಗೆ ಬಿಡಿಸುವುದು. ತಪ್ಪು ಉತ್ತರ ಬಂದಾಗ ಮೊದಲ ಪ್ರಶ್ನೆ, “ಹೇಗೆ ಯೋಚಿಸಿದೆ?”