ಓದಲು ಬಾರದ ಹುಡುಗನೇ ಹೀರೋ: ಪರ್ಸಿ ಜಾಕ್ಸನ್ ಕಾದಂಬರಿಗಳ ಒಂದು ಪರಿಚಯ

ಇಂಟರ್ನಲ್ಸ್ ಹಿಂದಿನ ರಾತ್ರಿ ಸಿಲಬಸ್ ಒಂದು ಬಿಟ್ಟು ಬೇರೆ ಏನು ಸಿಕ್ಕರೂ ಓದ್ತೀವಿ, ಅಲ್ವಾ? ನಾನು ಹಾಗೆ ಕೈಗೆತ್ತಿಕೊಂಡ ಪುಸ್ತಕ ರಿಕ್ ರಿಯೊರ್ಡನ್ ಬರೆದ ‘ದ ಲೈಟ್ನಿಂಗ್ ಥೀಫ್’. “ಇದು ಮಕ್ಕಳ ಪುಸ್ತಕ ಕಣೋ” ಅಂತ ರೂಮ್‌ಮೇಟ್ ನಕ್ಕ. ನಿಜ, ಮಕ್ಕಳಿಗೇ ಬರೆದದ್ದು. ಆದರೆ ಹಳೆಯ ಪುರಾಣವನ್ನು ಪೂರ್ತಿ ಬಿಚ್ಚಿ, ಇವತ್ತಿನ ಕಾಲಕ್ಕೆ ಓಡುವ ಹಾಗೆ ಮತ್ತೆ ಜೋಡಿಸುವುದು ಹೇಗೆ ಅಂತ ಕಲಿಯಬೇಕಾದರೆ ಇದು ಒಳ್ಳೆಯ ಪಾಠ.

ಹುಟ್ಟಿದ್ದು ಮಲಗುವ ಹೊತ್ತಿನಲ್ಲಿ

ರಿಯೊರ್ಡನ್ ಅಮೆರಿಕದ ಟೆಕ್ಸಾಸ್‌ನವರು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು. ಅವರ ಮಗನಿಗೆ ಎಡಿಎಚ್‌ಡಿ ಮತ್ತು ಡಿಸ್ಲೆಕ್ಸಿಯಾ ಎರಡೂ ಇದ್ದವು. ಒಂದು ಕಡೆ ಗಮನ ನಿಲ್ಲುವುದಿಲ್ಲ, ಅಕ್ಷರಗಳು ಹಿಡಿತಕ್ಕೆ ಸಿಗುವುದಿಲ್ಲ. ಶಾಲೆ ಅಂದರೆ ಸಂಕಟ. ಆದರೆ ಗ್ರೀಕ್ ಪುರಾಣದ ಕತೆ ಅಂದರೆ ಆ ಹುಡುಗನಿಗೆ ಪ್ರಾಣ. ದಿನಾ ರಾತ್ರಿ ಹೇಳಿ ಹೇಳಿ ಗೊತ್ತಿದ್ದ ಕತೆಗಳೆಲ್ಲ ಮುಗಿದಾಗ, ಅದೇ ದೇವತೆಗಳನ್ನಿಟ್ಟು ಹೊಸ ಕತೆ ಕಟ್ಟು ಅಂತ ಮಗ ಹಟ ಹಿಡಿದ. ಪರ್ಸಿ ಜಾಕ್ಸನ್ ಹುಟ್ಟಿದ್ದು ಹಾಗೆ. ಮೊದಲ ಪುಸ್ತಕ 2005ರಲ್ಲಿ ಬಂತು, ಐದನೆಯದು 2009ರಲ್ಲಿ.

ನ್ಯೂಯಾರ್ಕ್‌ನ 12 ವರ್ಷದ ಪರ್ಸಿ ಯಾವ ಶಾಲೆಯಲ್ಲೂ ನೆಟ್ಟಗೆ ನಿಂತವನಲ್ಲ. ಎಲ್ಲರ ಪಾಲಿಗೂ ‘ಪ್ರಾಬ್ಲಂ ಹುಡುಗ’. ಆಮೇಲೆ ಗೊತ್ತಾಗುತ್ತದೆ, ಅವನ ಅಪ್ಪ ಸಮುದ್ರದೇವತೆ ಪೊಸೈಡನ್. ಅಕ್ಷರಗಳು ಕುಣಿಯುವುದು ಯಾಕೆ? ಅವನ ಮೆದುಳು ತಯಾರಾಗಿರುವುದು ಪ್ರಾಚೀನ ಗ್ರೀಕ್ ಓದಲಿಕ್ಕೆ. ಒಂದು ಕಡೆ ಕೂರಲಾಗದ ಚಡಪಡಿಕೆ ಯಾಕೆ? ಅದು ರಣರಂಗದಲ್ಲಿ ಜೀವ ಉಳಿಸುವ ಚುರುಕು. ಇದು ವೈದ್ಯಶಾಸ್ತ್ರ ಅಲ್ಲ, ಕತೆ. ಡಿಸ್ಲೆಕ್ಸಿಯಾ ಇರುವವರಿಗೆ ಬೇಕಾದ್ದು ಸರಿಯಾದ ಪಾಠಕ್ರಮ, ತಾಳ್ಮೆ ಇರುವ ಮೇಷ್ಟ್ರು. ಆದರೂ ‘ನೀನು ದಡ್ಡ ಅಲ್ಲ’ ಅಂತ ಒಬ್ಬ ಅಪ್ಪ ಮಗನಿಗೆ ಹೇಳಲು ಹುಡುಕಿದ ದಾರಿ ಅದು ಅನ್ನುವುದನ್ನು ಮರೆಯಬಾರದು.

ಒಂದು ಉದಾಹರಣೆ: ಮೆಡೂಸಾ

ಮೂಲ ಕತೆ ಹೀಗಿದೆ. ರಾಜ ಪಾಲಿಡೆಕ್ಟೀಸ್‌ಗೆ ಪರ್ಸಿಯಸ್‌ನ ತಾಯಿಯ ಮೇಲೆ ಕಣ್ಣು. ಮಗ ಅಡ್ಡ ಬರುತ್ತಾನೆ ಅಂತ, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ತಲೆ ತರಲು ಅವನನ್ನು ಅಟ್ಟುತ್ತಾನೆ. ಪರ್ಸಿಯಸ್ ಗುರಾಣಿಯಲ್ಲಿ ಪ್ರತಿಬಿಂಬ ನೋಡಿಕೊಂಡೇ ಅವಳ ತಲೆ ಕಡಿದು ತರುತ್ತಾನೆ. ಅದೇ ತಲೆ ತೋರಿಸಿ ರಾಜನನ್ನು ಕಲ್ಲು ಮಾಡುತ್ತಾನೆ.

ಕಾದಂಬರಿಯಲ್ಲಿ ಮೆಡೂಸಾ ನ್ಯೂಜೆರ್ಸಿಯ ರಸ್ತೆ ಬದಿಯಲ್ಲಿ ಗಾರ್ಡನ್ ಬೊಂಬೆಗಳ ಅಂಗಡಿ ಇಟ್ಟ ‘ಆಂಟಿ ಎಮ್’. ಹಸಿದ ಮಕ್ಕಳಿಗೆ ಬರ್ಗರ್ ಕೊಡುತ್ತಾಳೆ. ಬೊಂಬೆಗಳ ಮುಖದಲ್ಲೆಲ್ಲ ಹೆದರಿಕೆ. ಯಾಕೆ ಅಂತ ಬೇರೆ ಹೇಳಬೇಕಿಲ್ಲ! ಗುರಾಣಿಯ ಜಾಗಕ್ಕೆ ಗಾರ್ಡನ್‌ನಲ್ಲಿಡುವ ಗಾಜಿನ ಗೋಳ ಬಂದಿದೆ. ಪಾಲಿಡೆಕ್ಟೀಸ್‌ನ ಜಾಗಕ್ಕೆ ತಾಯಿಯನ್ನು ಹೊಡೆಯುವ, ಇಸ್ಪೀಟಿನ ಚಟದ ಮಲತಂದೆ.

ಇಲ್ಲಿಯವರೆಗೆ ಬರೀ ಬಿಡಿಭಾಗ ಬದಲಾವಣೆ. ನಿಜವಾದ ಬದಲಾವಣೆ ಕೊನೆಗಿದೆ. ಪರ್ಸಿ ಆ ತಲೆಯನ್ನು ತಾನು ಬಳಸುವುದಿಲ್ಲ, ಅಮ್ಮನ ಕೈಗೆ ಬಿಟ್ಟು ಹೋಗುತ್ತಾನೆ. ನಿರ್ಧಾರ ಅವಳದ್ದು. ಮುಂದೆ ಅವಳ ಗಂಡ ಕಾಣೆಯಾಗುತ್ತಾನೆ, ಇಸ್ಪೀಟು ಆಡುವವನ ಒಂದು ‘ಶಿಲ್ಪ’ ಮಾರಾಟವಾಗುತ್ತದೆ, ಆ ದುಡ್ಡಿನಲ್ಲಿ ಅಮ್ಮ ಕಾಲೇಜಿಗೆ ಸೇರುತ್ತಾಳೆ. ಗ್ರೀಕ್ ಕತೆಯಲ್ಲಿ ಮಗ ತಾಯಿಯನ್ನು ಕಾಪಾಡಿದ. ಇಲ್ಲಿ ತಾಯಿ ತನ್ನನ್ನು ತಾನೇ ಬಿಡಿಸಿಕೊಂಡಳು. ಪುರಾಣವನ್ನು ಮತ್ತೆ ಹೇಳುವುದು ಅಂದರೆ ಇದು.

ನಮ್ಮಂಥವರಿಗೆ ಡೀಡಲಸ್

ಎಂಜಿನಿಯರಿಂಗ್‌ನವರು ತಪ್ಪದೆ ಓದಬೇಕಾದ್ದು ನಾಲ್ಕನೆಯ ಪುಸ್ತಕ, ‘ದ ಬ್ಯಾಟಲ್ ಆಫ್ ದ ಲ್ಯಾಬಿರಿಂತ್’ (2008). ಡೀಡಲಸ್ ಗ್ರೀಕ್ ಪುರಾಣದ ಮಹಾ ಎಂಜಿನಿಯರ್. ಕ್ರೀಟ್ ದ್ವೀಪದ ರಾಜ ಮಿನೋಸ್‌ಗೆ ಹೊರದಾರಿ ಸಿಗದ ಲ್ಯಾಬಿರಿಂತ್ ಕಟ್ಟಿಕೊಟ್ಟವನು, ಮೇಣದ ರೆಕ್ಕೆ ಮಾಡಿ ಮಗ ಇಕಾರಸ್‌ನನ್ನು ಕಳೆದುಕೊಂಡವನು. ಆದರೆ ಗರಗಸ ಕಂಡುಹಿಡಿದ ಸೋದರಳಿಯನ ಜಾಣತನಕ್ಕೆ ಹೊಟ್ಟೆಕಿಚ್ಚುಪಟ್ಟು ಅವನನ್ನು ಎತ್ತರದಿಂದ ತಳ್ಳಿ ಕೊಂದವನೂ ಇವನೇ. ರಿಯೊರ್ಡನ್ ಈ ಪಾಪವನ್ನು ಮುಚ್ಚಿಡುವುದಿಲ್ಲ. ಯಂತ್ರದ ದೇಹದಲ್ಲಿ ಶತಮಾನಗಟ್ಟಲೆ ಬದುಕಿದ ಡೀಡಲಸ್, ತಾನು ಕಟ್ಟಿದ ಲ್ಯಾಬಿರಿಂತ್ ಕೆಟ್ಟವರ ಕೈಗೆ ದಾರಿಯಾದಾಗ, ತನ್ನ ಪ್ರಾಣದ ಜೊತೆಗೇ ಅದನ್ನು ಕೊನೆಗೊಳಿಸುತ್ತಾನೆ. ತನ್ನ ಲ್ಯಾಪ್‌ಟಾಪನ್ನು ಆರ್ಕಿಟೆಕ್ಟ್ ಆಗುವ ಕನಸಿನ ಅನಬೆತ್‌ಗೆ ಕೊಟ್ಟು ಹೋಗುತ್ತಾನೆ. ನಾವು ಕಟ್ಟಿದ್ದನ್ನು ಬೇರೆಯವರು ಹೇಗೆ ಬಳಸಿದರು ಅನ್ನುವುದಕ್ಕೆ ನಾವೆಷ್ಟು ಹೊಣೆ? ನಮ್ಮ ಎಥಿಕ್ಸ್ ಕ್ಲಾಸಿನಲ್ಲಿ ತೂಕಡಿಸಿದ ಪ್ರಶ್ನೆ ನನಗೆ ಇಲ್ಲಿ ನಿದ್ದೆ ಕೆಡಿಸಿತು.

ಅಪ್ಪ ಒಪ್ಪಿಕೊಳ್ಳದ ಮಕ್ಕಳು

ದೇವತೆಗಳ ಮಕ್ಕಳು ಸೇರುವ ಶಿಬಿರದಲ್ಲಿ ಹನ್ನೆರಡು ಕೊಠಡಿ. ‘ಇವನು ನನ್ನ ಮಗ’ ಅಂತ ಯಾವ ದೇವತೆಯೂ ಹೇಳದ ಮಕ್ಕಳೆಲ್ಲ ಹೆರ್ಮಿಸ್‌ನ ಕೊಠಡಿಯಲ್ಲಿ ಒತ್ತೊತ್ತಾಗಿ ನೆಲದ ಮೇಲೆ ಮಲಗುತ್ತಾರೆ. ಓದುವಾಗ ನನಗೆ ಕರ್ಣ ನೆನಪಾದ. ಸರಣಿಯ ಖಳರು ಹುಟ್ಟುವುದು ಈ ಅವಮಾನದಿಂದಲೇ. ಕೊನೆಯ ಪುಸ್ತಕದಲ್ಲಿ ದೇವತೆಗಳು ಪರ್ಸಿಗೆ ಅಮರತ್ವ ಕೊಡಲು ಮುಂದಾದಾಗ ಅವನು ಬೇಡ ಅನ್ನುತ್ತಾನೆ. ಬದಲಿಗೆ ಕೇಳುವ ವರ ಏನು ಗೊತ್ತಾ? ಮಕ್ಕಳಿಗೆ 13 ತುಂಬುವುದರೊಳಗೆ ಎಲ್ಲ ದೇವತೆಗಳೂ ತಮ್ಮ ಮಕ್ಕಳನ್ನು ಒಪ್ಪಿಕೊಳ್ಳಬೇಕು. ಐದು ಪುಸ್ತಕಗಳ ಸಾಹಸವೆಲ್ಲ ಬಂದು ನಿಲ್ಲುವುದು ಈ ಒಂದು ಬೇಡಿಕೆಯಲ್ಲಿ.

ಗ್ರೀಕರ ಕತೆ ತಂದು ನಮ್ಮದಾಗಿಸುವುದು ಕನ್ನಡಕ್ಕೆ ಹೊಸತಲ್ಲ. ಸಾಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಬಿ.ಎಂ.ಶ್ರೀ ‘ಅಶ್ವತ್ಥಾಮನ್’ ಮಾಡಿ ತೋರಿಸಿದ್ದಾರೆ. ಇತ್ತ ರಿಯೊರ್ಡನ್ ಹೆಸರಿನ ಪ್ರಕಾಶನದಿಂದ 2018ರಲ್ಲಿ ಬಂದ ರೋಶನಿ ಚೋಕ್ಸಿ ಅವರ ‘ಆರು ಶಾ ಅಂಡ್ ದ ಎಂಡ್ ಆಫ್ ಟೈಮ್’ ಪಾಂಡವರನ್ನು ಅಮೆರಿಕದ ಹುಡುಗಿಯರನ್ನಾಗಿಸಿದೆ.

ಓದುವುದಾದರೆ ಮೊದಲ ಪುಸ್ತಕದಿಂದಲೇ ಶುರು ಮಾಡಿ. ಪಕ್ಕದಲ್ಲಿ ಮೂಲ ಕತೆ ಇಟ್ಟುಕೊಂಡು, ಎಲ್ಲಿ ಬದಲಾಯಿತು, ಯಾಕೆ ಬದಲಾಯಿತು ಅಂತ ಗುರುತು ಮಾಡ್ತಾ ಹೋಗಿ. ಕ್ಲಾಸಿನ ಕೊನೆಯ ಬೆಂಚಿನಲ್ಲಿ ‘ಇವನಿಂದ ಏನೂ ಆಗಲ್ಲ’ ಅನ್ನಿಸಿಕೊಂಡ ಗೆಳೆಯನಿದ್ದರೆ, ಓದಿ ಮುಗಿಸಿದ ಮೇಲೆ ಪುಸ್ತಕ ಅವನಿಗೇ ಕೊಡಿ.